‘ನಥಿಂಗ್ ಎಲ್ಸ್ ಮ್ಯಾಟರ್ಸ್’: ಮೂವತ್ತು ವರ್ಷ ಕಳೆದರೂ ಏಕೆ ಹಳಸಿಲ್ಲ?

ಓದುಗರ ಪ್ರಶ್ನೆ: ನನಗೆ ಈಗ 48 ವರ್ಷ. ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಅಮೆರಿಕದ ಮೆಟಾಲಿಕಾ ತಂಡದ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಹಾಡನ್ನು ಮೊದಲು ಕೇಳಿದ್ದು ಹದಿನಾರನೆಯ ವಯಸ್ಸಿನಲ್ಲಿ, ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ. ಅಂದಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಗಲೂ ಹೆಚ್ಚುಕಡಿಮೆ ಪ್ರತಿ ರಾತ್ರಿ ಮಲಗುವ ಮುಂಚೆ ಒಮ್ಮೆ ಕೇಳುತ್ತೇನೆ. ಒಮ್ಮೊಮ್ಮೆ ಕಣ್ಣು ತುಂಬಿ ಬರುತ್ತದೆ. ‘ಇದು ಹಳೆಯ ನೆನಪಿನ ಗುಂಗು ಅಷ್ಟೇ, ನಿನ್ನ ಅಭಿರುಚಿ ಅಲ್ಲಿಗೇ ನಿಂತುಹೋಗಿದೆ’ ಎಂದು ನನ್ನ ತಮ್ಮ ಹೇಳುತ್ತಾನೆ. ಅದು ತಂಡ ಮಾರುಕಟ್ಟೆಗೆ ತಲೆಬಾಗಿ ಮಾಡಿದ ಹಾಡು, ನಿಜವಾದ ಮೆಟಲ್ ಅಭಿಮಾನಿಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದೂ ಅವನದೇ ವಾದ. ಆದರೆ ಗಿಟಾರ್ ಕಲಿಯುತ್ತಿರುವ ನನ್ನ 16 ವರ್ಷದ ಮಗಳು ಯಾರೂ ಹೇಳದೆಯೇ ಅದೇ ಹಾಡನ್ನು ಆರಿಸಿಕೊಂಡಿದ್ದಾಳೆ. ಅವಳಿಗೆ ಯಾವ ಹಳೆಯ ನೆನಪು? ಮುಂದಿನ ತಿಂಗಳು ನಮ್ಮ ಮದುವೆಗೆ ಇಪ್ಪತ್ತು ವರ್ಷ ತುಂಬುತ್ತದೆ. ಅಂದು ಮನೆಮಂದಿಯ ಎದುರು ನಾನು ಹಾಡಬೇಕು, ಅವಳು ನುಡಿಸಬೇಕು ಎಂದುಕೊಂಡಿದ್ದೇವೆ. ದಿನವೂ ಕೇಳುವುದರ ಜೊತೆಗೆ ಈಗ ಅಭ್ಯಾಸಕ್ಕೂ ಇಳಿದರೆ ಹಾಡು ನನ್ನ ಪಾಲಿಗೆ ಸವೆದುಹೋಗುತ್ತದೆಯೇ? ಇಷ್ಟು ಉದ್ದದ ಹಾಡನ್ನು ಅಂಥ ಸಂದರ್ಭಕ್ಕೆ ಹೇಗೆ ಒಗ್ಗಿಸುವುದು? ಕನ್ನಡದಲ್ಲಿ ಸಾಹಿತ್ಯ ಬರೆದುಕೊಳ್ಳಬಹುದೇ? ಕೊನೆಗೊಂದು ಸಣ್ಣ ಸಂದೇಹ: ಆರಂಭದ ಭಾಗ ನುಡಿಸುವಾಗ ಮಗಳು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಇದು ಕೆಟ್ಟ ಅಭ್ಯಾಸವೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿರುವ ಅಳುಕು ಒಂದೇ ಎಂದು ನನಗೆ ತೋರುತ್ತದೆ. ಈ ಹಾಡಿನ ಮೇಲೆ ನಿಮಗಿರುವ ಪ್ರೀತಿ ಹಾಡಿನ ಗುಣಕ್ಕೆ ಸಂದದ್ದೋ ಅಥವಾ ನಿಮ್ಮ ಹರೆಯಕ್ಕೆ ಸಂದದ್ದೋ ಎಂಬುದೇ ಆ ಅಳುಕು. ಎರಡು ದಶಕಗಳಿಂದ ಗಿಟಾರ್ ಕಲಿಸುತ್ತ, ಅದರ ನಡುವೆ ಕೆಲವು ವರ್ಷ ಧ್ವನಿಮುದ್ರಣ ಕೊಠಡಿಯಲ್ಲಿ ಕೆಲಸ ಮಾಡಿದ ನನಗೆ ಈ ಪ್ರಶ್ನೆ ಹೊಸದಲ್ಲ. ತರಗತಿಗೆ ಬರುವ ಹೊಸಬರಿಗೆ ಮೊದಲು ಯಾವ ಹಾಡು ಕಲಿಯಬೇಕೆಂದಿದ್ದೀರಿ ಎಂದು ಕೇಳಿದರೆ, ಹದಿಹರೆಯದವರೂ ನಿವೃತ್ತಿಯ ಅಂಚಿನಲ್ಲಿರುವವರೂ ಸಮಾನವಾಗಿ ಹೇಳುವ ಬೆರಳೆಣಿಕೆಯ ಹೆಸರುಗಳಲ್ಲಿ ಇದೂ ಒಂದು. ಆದ್ದರಿಂದ ನಿಮ್ಮ ತಮ್ಮನ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಮೊದಲು ಪ್ರಾಮಾಣಿಕವಾಗಿ ನೋಡೋಣ; ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ.

ಹತ್ತರಿಂದ ಮೂವತ್ತು ವರ್ಷದೊಳಗಿನ ಅನುಭವಗಳು, ಅದರಲ್ಲೂ ಹದಿಹರೆಯದವು, ಬದುಕಿನ ಬೇರೆ ಯಾವ ಘಟ್ಟದ ಅನುಭವಗಳಿಗಿಂತ ಗಾಢವಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬುದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ವಿಷಯ. ಆ ವಯಸ್ಸಿನಲ್ಲಿ ಕೇಳಿದ ಹಾಡು ಅಂದಿನ ಗೆಳೆತನ, ಒಂಟಿತನ, ಮೊದಲ ಮೆಚ್ಚುಗೆ ಎಲ್ಲವನ್ನೂ ತನ್ನೊಡನೆ ಕಟ್ಟಿಕೊಂಡು ಬರುತ್ತದೆ. ಪದೇ ಪದೇ ಎದುರಾದ ವಸ್ತುವನ್ನು ಮನಸ್ಸು ಬರಿಯ ಪರಿಚಯದ ಕಾರಣಕ್ಕೇ ಮೆಚ್ಚತೊಡಗುತ್ತದೆ ಎಂಬುದನ್ನೂ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1968ರಷ್ಟು ಹಿಂದೆಯೇ ತೋರಿಸಿದ್ದರು. ಹೀಗಾಗಿ ಹದಿನಾರರಲ್ಲಿ ಕೇಳಿ, ಆಮೇಲೆ ಮೂರು ದಶಕ ಬಿಡದೆ ಕೇಳುತ್ತ ಬಂದ ಹಾಡಿನ ವಿಷಯದಲ್ಲಿ ನೆನಪಿನ ಪಾಲು ಇದ್ದೇ ಇರುತ್ತದೆ. ಅಷ್ಟರಮಟ್ಟಿಗೆ ನಿಮ್ಮ ತಮ್ಮ ಸರಿ.

ಆದರೆ ಅವರ ವಾದ ನಿಲ್ಲದಿರುವುದು ನಿಮ್ಮ ಮಗಳ ಎದುರಿಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸ್ಲ್ ಮತ್ತು ಅವರ ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಪ್ಪತ್ತರ ಆಸುಪಾಸಿನ ಯುವಜನರಿಗೆ ತಮ್ಮ ಕಾಲದ ಹಾಡುಗಳಲ್ಲದೆ, ತಂದೆತಾಯಿಯರು ತಮ್ಮ ಯೌವನದಲ್ಲಿ ಕೇಳುತ್ತಿದ್ದ ಹಾಡುಗಳ ಮೇಲೂ ನೆನಪು ಮತ್ತು ಒಲವಿನ ಏರಿಕೆ ಸ್ಪಷ್ಟವಾಗಿ ಕಂಡುಬಂದಿತ್ತು. ‘ಯಾರೂ ಹೇಳದೆಯೇ ಆರಿಸಿಕೊಂಡಳು’ ಎಂದು ನೀವು ಬರೆದಿದ್ದೀರಿ. ಬಾಯಿಬಿಟ್ಟು ಯಾರೂ ಹೇಳಿರಲಾರರು. ಆದರೆ ಪ್ರತಿ ರಾತ್ರಿ ನಿಮ್ಮ ಕೋಣೆಯಿಂದ ಬರುತ್ತಿದ್ದ ಆ ತಂತಿಗಳ ದನಿಯನ್ನು ಅವಳು ಎಳವೆಯಿಂದಲೇ ಕೇಳಿಕೊಂಡು ಬೆಳೆದಿದ್ದಾಳೆ. ಅವಳಿಗೂ ಅದು ಹಳೆಯ ನೆನಪೇ, ಅಪ್ಪನ ಮೂಲಕ ಬಂದ ನೆನಪು. ಆದರೂ ಒಂದು ಮಾತು ಉಳಿಯುತ್ತದೆ. ನಿಮ್ಮ ಕೋಣೆಯಿಂದ ಅವಳು ಬೇರೆ ಹಾಡುಗಳನ್ನೂ ಕೇಳಿರಬೇಕಲ್ಲವೇ? ಅವುಗಳಲ್ಲಿ ಬಹುಪಾಲನ್ನು ಬಿಟ್ಟು ಇದೊಂದನ್ನೇ ಎತ್ತಿಕೊಂಡಳು. ನೆನಪು ಹಾಡನ್ನು ಮನೆಯೊಳಗೆ ತರಬಹುದು, ಆದರೆ ಯಾವ ಹಾಡು ಉಳಿಯಬೇಕು ಎಂಬುದನ್ನು ನೆನಪೊಂದೇ ತೀರ್ಮಾನಿಸುವುದಿಲ್ಲ.

ಇನ್ನು ಮಾರುಕಟ್ಟೆಯ ಆರೋಪಕ್ಕೆ ಬರೋಣ. ಇದು ಆಲ್ಬಮ್ಮಿನಲ್ಲಿ ಹಾಡು ಹೊರಬಂದ 1991ರಷ್ಟೇ ಹಳೆಯದು. ಸರಿಯಾಗಿ ಹೇಳಬೇಕೆಂದರೆ ಅದಕ್ಕಿಂತಲೂ ಏಳು ವರ್ಷ ಹಳೆಯದು. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ತಂಡ 1984ರ ತನ್ನ ಎರಡನೆಯ ಆಲ್ಬಮ್ಮಿನಲ್ಲೇ ‘ಫೇಡ್ ಟು ಬ್ಲ್ಯಾಕ್’ ಎಂಬ ನಿಧಾನಗತಿಯ ಹಾಡನ್ನು ಸೇರಿಸಿದಾಗ ಕಟ್ಟಾ ಅಭಿಮಾನಿಗಳು ಇದೇ ದೂರನ್ನು ಎತ್ತಿದ್ದರು. ಆಮೇಲೆ 1986ರ ಮತ್ತು 1988ರ ಆಲ್ಬಮ್ಮುಗಳಲ್ಲೂ ಮೆಲ್ಲಗೆ ಆರಂಭವಾಗಿ ಗುಡುಗಿನಲ್ಲಿ ಮುಗಿಯುವ ಒಂದೊಂದು ಹಾಡು ಇತ್ತು. ಹೀಗಿರುವಾಗ ತಂಡವು 1991ರಲ್ಲಿ ಇದ್ದಕ್ಕಿದ್ದಂತೆ ಮೃದುವಾಯಿತು ಎಂಬುದು ಕಟ್ಟುಕತೆ.

ಹಾಡು ಹುಟ್ಟಿದ ಬಗೆಯನ್ನು ಅದನ್ನು ಬರೆದ, ತಂಡದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಗೆಳತಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಾಗ ಒಂದು ಕೈಯಲ್ಲಿ ಫೋನು ಇದ್ದುದರಿಂದ, ಬಿಡುವಾಗಿದ್ದ ಇನ್ನೊಂದು ಕೈಯಿಂದ ಗಿಟಾರಿನ ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದರು. ಆ ಮೀಟೇ ಹಾಡಿನ ಆರಂಭವಾಯಿತು. ಊರೂರು ಅಲೆಯುವ ಸಂಗೀತ ಪ್ರವಾಸಗಳಲ್ಲಿ ದೂರವಾಗಿದ್ದವಳನ್ನು ನೆನೆದು ಬರೆದುಕೊಂಡ ಆ ಸಾಲುಗಳು ತೀರಾ ಖಾಸಗಿಯಾದುವೆಂದೂ ಮೆಟಾಲಿಕಾದಂಥ ತಂಡಕ್ಕೆ ಒಪ್ಪುವುದಿಲ್ಲವೆಂದೂ ಅವರು ಭಾವಿಸಿದ್ದರು. ಅದನ್ನು ಕೇಳಿ, ಆಲ್ಬಮ್ಮಿಗೆ ಬೇಕೇ ಬೇಕೆಂದು ಒತ್ತಾಯಿಸಿದವರು ಡ್ರಮ್ಸ್ ವಾದಕ ಲಾರ್ಸ್ ಉಲ್ರಿಕ್. ಮಾರಾಟಕ್ಕೆಂದೇ ಹೊಸೆದ ಹಾಡಿನ ಚರಿತ್ರೆ ಹೀಗಿರುವುದಿಲ್ಲ.

ಹಾಗೆಂದು ಆರೋಪದಲ್ಲಿ ಹುರುಳೇ ಇಲ್ಲವೆನ್ನುವುದೂ ಸರಿಯಲ್ಲ. 1988ರ ಆಲ್ಬಮ್ಮಿನ ಉದ್ದುದ್ದ ಜಟಿಲ ಹಾಡುಗಳಿಂದ ದಣಿದಿದ್ದ ತಂಡ, ಸರಳವೂ ದೊಡ್ಡದೂ ಆದ ನಾದ ಬೇಕೆಂದು ನಿರ್ಧರಿಸಿಯೇ ಬಾಬ್ ರಾಕ್ ಅವರನ್ನು ನಿರ್ಮಾಪಕರನ್ನಾಗಿ ಕರೆತಂದಿತು. ಅದಕ್ಕೆ ಮುಂಚೆ ಅವರು ರೂಪಿಸಿದ್ದ, ಮಾಟ್ಲಿ ಕ್ರೂ ತಂಡದ ‘ಡಾಕ್ಟರ್ ಫೀಲ್‌ಗುಡ್’ ಆಲ್ಬಮ್ಮಿನ ನಾದ ಇವರಿಗೆ ಹಿಡಿಸಿತ್ತು. 1991ರ ಆಗಸ್ಟ್ 12ರಂದು ಬಂದ, ಕಪ್ಪು ಮುಖಪುಟದ ಆ ಆಲ್ಬಮ್ ಅಮೆರಿಕದಲ್ಲಿ ಮಾತ್ರವೇ 2014ರ ಹೊತ್ತಿಗೆ ಒಂದೂವರೆ ಕೋಟಿಗೂ ಮೀರಿ ಪ್ರತಿ ಮಾರಾಟವಾಯಿತು. ಮಾರುಕಟ್ಟೆಯ ಅರಿವು ಆ ಕೊಠಡಿಯಲ್ಲಿ ಇತ್ತು, ಅನುಮಾನವಿಲ್ಲ. ಆದರೆ ಒಂದು ಅಂಕಿ ನನಗೆ ಯಾವಾಗಲೂ ಕುತೂಹಲದ್ದಾಗಿ ಕಾಣುತ್ತದೆ. 1992ರಲ್ಲಿ ಬಿಡಿಹಾಡಾಗಿ ಹೊರಬಂದಾಗ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏರಿದ್ದು 34ನೆಯ ಸ್ಥಾನಕ್ಕೆ ಮಾತ್ರ. ಬ್ರಿಟನ್ನಿನಲ್ಲಿ 6ನೆಯ ಸ್ಥಾನಕ್ಕೆ. ಅಂದು ಅದರ ಮೇಲಿದ್ದ ಮೂವತ್ತಮೂರು ಹಾಡುಗಳಲ್ಲಿ ಎಷ್ಟನ್ನು ಇಂದು ಹದಿನಾರರ ಹುಡುಗಿಯರು ಕಲಿಯಲು ಹಟ ಹಿಡಿಯುತ್ತಾರೆ? ಪಟ್ಟಿಯಲ್ಲಿ ಏರುವ ಗುಣ ಬೇರೆ, ಬಾಳುವ ಗುಣ ಬೇರೆ.

ಆ ಬಾಳುವ ಗುಣ ಎಲ್ಲಿದೆ ಎಂಬುದನ್ನು ವಿವರಿಸಲು ಹಾಡನ್ನೇ ಸ್ವಲ್ಪ ಬಿಚ್ಚಿ ನೋಡಬೇಕಾಗುತ್ತದೆ. ವಿಷಾದದ ಸ್ವರಶ್ರೇಣಿಯಲ್ಲಿದೆ, ಆದ್ದರಿಂದ ಕಣ್ಣೀರು ತರಿಸುತ್ತದೆ ಎಂಬ ವಿವರಣೆ ಬಹಳ ಪ್ರಚಲಿತವಾಗಿದೆಯಾದರೂ ಅದು ಸಾಲದು. ಇದೇ ‘ಇ ಮೈನರ್’ ಶ್ರೇಣಿಯಲ್ಲಿ ಇದೇ ತಂಡದ ರೊಚ್ಚಿನ ಹಾಡುಗಳೂ ಬೇಕಾದಷ್ಟಿವೆ. ಗಿಟಾರಿನ ಆರು ತಂತಿಗಳಲ್ಲಿ ಅತಿ ಮಂದ್ರದ ಆರನೆಯದು, ಆಮೇಲೆ ಮೂರು, ಎರಡು, ಒಂದು: ಈ ನಾಲ್ಕು ತಂತಿಗಳನ್ನು ಎಲ್ಲಿಯೂ ಒತ್ತದೆ ಬರಿದೇ ಮೀಟಿದರೆ ‘ಇ ಮೈನರ್’ ಕಾರ್ಡು, ಅಂದರೆ ಒಂದಕ್ಕೊಂದು ಹೊಂದುವ ಸ್ವರಗಳ ಗುಚ್ಛ, ತಾನಾಗಿ ಮೂಡುತ್ತದೆ. ಒತ್ತಿ ನುಡಿಸಿದ ಸ್ವರ ಬೆರಳು ಎತ್ತಿದೊಡನೆ ನಿಲ್ಲುತ್ತದೆ. ಬರಿಯ ತಂತಿ ಮೀಟಿದ ಮೇಲೂ ತನ್ನಷ್ಟಕ್ಕೆ ಅನುರಣಿಸುತ್ತ, ಮುಂದಿನ ಸ್ವರದೊಳಗೆ ಬೆರೆಯುತ್ತ ಹೋಗುತ್ತದೆ. ಹಾಡಿನ ಆರಂಭದಲ್ಲಿ ನಿಮಗೆ ಕೇಳಿಸುವ ಆ ವಿಶಾಲತೆ ಧ್ವನಿಮುದ್ರಣದ ಚಮತ್ಕಾರಕ್ಕಿಂತ ಹೆಚ್ಚಾಗಿ ವಾದ್ಯದ ಸ್ವಭಾವದಿಂದಲೇ ಬಂದದ್ದು. ಅಂಗಡಿಯಿಂದ ಆಗತಾನೇ ತಂದ ಸಾಧಾರಣ ಗಿಟಾರಿನಲ್ಲೂ ಅದು ಕೇಳಿಸುತ್ತದೆ. ಹೊಸಬರು ಈ ಹಾಡಿಗೆ ಸೋಲುವುದು ಮೊದಲು ಇಲ್ಲಿಯೇ: ಎರಡನೆಯ ದಿನವೇ ತಮ್ಮ ಕೈಯಿಂದ ಸಂಗೀತದಂಥದ್ದೇನೋ ಹೊರಟಿತಲ್ಲ ಎಂಬ ಬೆರಗು.

ಎರಡನೆಯದು ನಡೆ. ಮೆಟಲ್ ಸಂಗೀತದ ಬಹುಪಾಲು ನಾಲ್ಕರ ಲೆಕ್ಕದಲ್ಲಿ ಕುಟ್ಟಿಕೊಂಡು ಹೋಗುತ್ತದೆ. ಈ ಹಾಡು ಮೂರರ ಲೆಕ್ಕದ್ದು, ನಮ್ಮ ಮಾತಿನಲ್ಲಿ ತಿಶ್ರ ನಡೆಯದ್ದು. ದೊಡ್ಡ ಬಡಿತಗಳು ನಿಮಿಷಕ್ಕೆ ಐವತ್ತಕ್ಕೂ ಕಡಿಮೆ. ತೊಟ್ಟಿಲು ತೂಗುವ ಲಯವೂ ಹೀಗೆಯೇ ಮೂರರಲ್ಲಿ ಹೋಗಿ ಮೂರರಲ್ಲಿ ಬರುತ್ತದೆ. ನೀವು ಮಲಗುವ ಮೊದಲು ಇದನ್ನೇ ಏಕೆ ಕೇಳುತ್ತೀರಿ ಎಂಬುದಕ್ಕೆ ನನ್ನ ಊಹೆ ಇದು, ಊಹೆ ಎಂದೇ ತೆಗೆದುಕೊಳ್ಳಿ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು, ಸ್ವರಗಳ ಚಲನೆ. ಇ ಸ್ವರವನ್ನು ಷಡ್ಜವೆಂದು ಹಿಡಿದರೆ ಚರಣದ ಹೆಚ್ಚಿನ ಭಾಗ ಕರ್ನಾಟಕ ಸಂಗೀತದ ನಠಭೈರವಿ ರಾಗದ ಸ್ವರಗಳಲ್ಲಿ, ಅಂದರೆ ಶುದ್ಧ ಧೈವತ ಮತ್ತು ಕೈಶಿಕಿ ನಿಷಾದದೊಡನೆ, ನಡೆಯುತ್ತದೆ. ಚರಣದ ಸಾಲು ಮುಗಿಯುವಲ್ಲಿ ಬಿ ಸೆವೆನ್ ಕಾರ್ಡು ಬಂದು ಕಾಕಲಿ ನಿಷಾದವನ್ನು ಒಂದು ಕ್ಷಣ ತೋರಿಸಿ, ಷಡ್ಜಕ್ಕೆ ಮರಳುವ ಬಯಕೆಯನ್ನು ಹರಿತಗೊಳಿಸುತ್ತದೆ. ಆಮೇಲೆ, ಬೇರೆಯವರು ಏನು ಮಾಡುತ್ತಾರೆ, ಏನು ಬಲ್ಲರು ಎಂಬುದು ತನಗೆ ಬೇಕಿಲ್ಲವೆಂದು ಹೇಳುವ ಭಾಗದಲ್ಲಿ ಸಿ ಮೇಜರ್ ಕಾರ್ಡಿನ ಬೆನ್ನಿಗೇ ಎ ಮೇಜರ್ ಬರುತ್ತದೆ. ಅದರೊಳಗೆ ಶುದ್ಧ ಧೈವತದ ಜಾಗದಲ್ಲಿ ಚತುಶ್ರುತಿ ಧೈವತ ಕುಳಿತಿದೆ; ಒಂದು ಗಳಿಗೆ ನಠಭೈರವಿ ಸರಿದು ಖರಹರಪ್ರಿಯ ರಾಗದ ಬೆಳಕು ಬೀಳುತ್ತದೆ. ಸಂಗೀತದ ಪರಿಭಾಷೆ ಗೊತ್ತಿಲ್ಲದವರೂ ಅಲ್ಲಿ ತಲೆ ಎತ್ತುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕೊರಗುತ್ತಿದ್ದವನು ಅದೇ ಉಸಿರಿನಲ್ಲಿ ಎದೆಯುಬ್ಬಿಸಿ ನಿಂತಂತೆ ಕೇಳಿಸುವುದು ಈ ಒಂದು ಸ್ವರದ ಪಲ್ಲಟದಿಂದ. ದುಃಖವೊಂದೇ ಆಗಿದ್ದರೆ ಹಾಡು ಬೇಗ ಸಾಕಾಗುತ್ತಿತ್ತು. ಇದರಲ್ಲಿ ದುಃಖವೂ ಧೈರ್ಯವೂ ಒಂದರ ಪಕ್ಕ ಒಂದಿವೆ, ಆಯಾ ದಿನ ನಿಮಗೆ ಬೇಕಾದ್ದು ಮುಂದೆ ಬರುತ್ತದೆ.

ಇದಕ್ಕೆ ಕಾಯಿಸುವ ಕಲೆಯನ್ನೂ ಸೇರಿಸಿಕೊಳ್ಳಿ. ಒಟ್ಟು ಆರೂವರೆ ನಿಮಿಷದ ಹಾಡಿನಲ್ಲಿ ಹಾಡುಗಾರಿಕೆ ಆರಂಭವಾಗುವುದಕ್ಕೆ ಮೊದಲು ಹೆಚ್ಚುಕಡಿಮೆ ಒಂದು ನಿಮಿಷ ಬರಿಯ ತಂತಿಗಳ ನಾದವೇ ಇದೆ. ತಾರಕಕ್ಕೇರುವ ಗಿಟಾರ್ ಸೋಲೊ ಬರುವುದು ಹಾಡು ಬಹುತೇಕ ಮುಗಿದ ಮೇಲೆ. ಆ ಸೋಲೊವನ್ನು ನುಡಿಸಿದವರು ತಂಡದ ಪ್ರಧಾನ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಎಂದು ಬಹಳ ಜನ ತಿಳಿದಿದ್ದಾರೆ. ಮೂಲ ಮುದ್ರಣದಲ್ಲಿ ಅದನ್ನು ಹೆಟ್‌ಫೀಲ್ಡ್ ತಾವೇ ನುಡಿಸಿದ್ದಾರೆ. ಹಾಡಿದ ಗಂಟಲೇ ಮಾತು ಸಾಲದೆ ತಂತಿಗೆ ದಾಟಿಕೊಂಡಂತೆ ಅದು ಕೇಳಿಸುವುದಕ್ಕೆ ಇದೂ ಒಂದು ಕಾರಣವಿದ್ದೀತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು, ಮೆಚ್ಚಿನ ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ರೋಮಾಂಚನದ ಕ್ಷಣದಲ್ಲಿ ಮಾತ್ರವಲ್ಲ, ಅದು ಇನ್ನೇನು ಬಂದೀತೆಂದು ಕಾಯುವ ಹೊತ್ತಿನಲ್ಲೂ ಹೌದು, ಮತ್ತು ಈ ಎರಡಕ್ಕೂ ಮೆದುಳಿನ ಬೇರೆ ಬೇರೆ ಭಾಗಗಳು ಮಿಡಿಯುತ್ತವೆ ಎಂದು ತೋರಿಸಿತು. ಮುಂದೇನು ಬರುತ್ತದೆಂದು ತಿಳಿದಿದ್ದೂ, ಅಥವಾ ತಿಳಿದಿರುವುದರಿಂದಲೇ, ಕಾಯುವುದು ಸುಖವಾಗುತ್ತದೆ. ನೂರನೆಯ ಸಲ ಕೇಳುವವನಿಗೆ ಮೊದಲ ಸಲದವನಿಗಿಂತ ಹೆಚ್ಚು ಸಿಕ್ಕಲು ಸಾಧ್ಯವಿರುವುದು ಹೀಗೆ.

ಹಾಡಿನ ಬಲ ಆ ಮುದ್ರಿಕೆಯಲ್ಲಿದೆಯೋ ಕಟ್ಟೋಣದಲ್ಲಿದೆಯೋ ಎಂಬುದನ್ನು ಪರೀಕ್ಷಿಸಲು ನನಗೆ ಗೊತ್ತಿರುವ ಒರೆಗಲ್ಲು ಒಂದೇ: ವಾದ್ಯ ಬದಲಿಸಿ ನೋಡುವುದು. ಆಲ್ಬಮ್ಮಿನಲ್ಲೇ ಹಿನ್ನೆಲೆಯಲ್ಲಿ ಮೆಲ್ಲನೆ ಕೇಳಿಸುವ ವಾದ್ಯವೃಂದವನ್ನು ಸಂಯೋಜಿಸಿದವರು ಮೈಕೆಲ್ ಕೇಮನ್. 1999ರ ಏಪ್ರಿಲ್‌ನಲ್ಲಿ ಅವರದೇ ನಿರ್ದೇಶನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ವೃಂದದೊಡನೆ ತಂಡವು ಎರಡು ರಾತ್ರಿ ಕಛೇರಿ ನಡೆಸಿದಾಗ ಈ ಹಾಡು ಅಲ್ಲಿಯೂ ಸಲೀಸಾಗಿ ಹೊಂದಿಕೊಂಡಿತು. ಫಿನ್ಲೆಂಡಿನ ಅಪೊಕ್ಯಾಲಿಪ್ಟಿಕಾ ತಂಡ 1998ರಲ್ಲಿ ಇದನ್ನು ದೊಡ್ಡ ಪಿಟೀಲಿನಂಥ ಚೆಲ್ಲೊಗಳಲ್ಲಿ ಮಾತ್ರ ನುಡಿಸಿತು. 2021ರಲ್ಲಿ ಆ ಕಪ್ಪು ಆಲ್ಬಮ್ಮಿನ ಮೂವತ್ತನೆಯ ವರ್ಷಕ್ಕೆಂದು 53 ಕಲಾವಿದರು ತಮಗೆ ಬೇಕಾದ ಹಾಡನ್ನು ಆರಿಸಿಕೊಂಡು ಮರುಮುದ್ರಿಸಿದಾಗ, ಅವರಲ್ಲಿ 12 ಮಂದಿ ಆರಿಸಿಕೊಂಡದ್ದು ಇದೊಂದನ್ನೇ. ಇಗೋರ್ ಲೆವಿಟ್ ಎಂಬ ಶಾಸ್ತ್ರೀಯ ಪಿಯಾನೊ ವಾದಕರು ಒಂದು ಪದವೂ ಇಲ್ಲದೆ ನುಡಿಸಿದ ರೂಪವೂ ಅವುಗಳಲ್ಲಿ ಸೇರಿದೆ. ಗಿಟಾರು, ಡ್ರಮ್ಸು, ಕಂಠ, ಸಾಹಿತ್ಯ ಎಲ್ಲವನ್ನೂ ಕಳಚಿದ ಮೇಲೂ ಹಾಡು ನಿಲ್ಲುತ್ತದೆ. ಬರಿಯ ಹರೆಯದ ನೆನಪಿನ ಮೇಲೆ ನಿಂತ ಹಾಡು ಹೀಗೆ ವೇಷ ಬದಲಿಸಿ ಬದುಕುವುದು ಅಪರೂಪ. ನಿಮ್ಮ ತಮ್ಮನಿಗೆ ವಾದಕ್ಕೆ ಉತ್ತರ ಕೊಡುವ ಬದಲು ಆ ಪಿಯಾನೊ ರೂಪವನ್ನು ಕೇಳಿಸಿ.

ಈಗ ಸವೆತದ ಭಯ. ಇದು ಪೂರ್ತಿ ಸುಳ್ಳಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಬರ್ಲೈನ್ 1970ರ ದಶಕದ ಆರಂಭದಲ್ಲಿ ವಿವರಿಸಿದಂತೆ, ಪರಿಚಯ ಹೆಚ್ಚಿದಂತೆ ಮೆಚ್ಚುಗೆ ಏರಿ, ಒಂದು ಹಂತದ ನಂತರ ಇಳಿಯತೊಡಗುತ್ತದೆ. ಸರಳವಾದ ಕಟ್ಟಿನ ಹಾಡುಗಳು ಬೇಗ ಇಳಿಯುತ್ತವೆ, ಪದರಗಳಿರುವುವು ನಿಧಾನವಾಗಿ. ಇದರ ಜೊತೆಗೆ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ಒಂದೇ ಹಾಡನ್ನು ಬಿಡದೆ ಕೇಳುವವರನ್ನು ಕುರಿತು ನಡೆಸಿದ ಸಮೀಕ್ಷೆಯಲ್ಲಿ, ಸಿಹಿಕಹಿ ಬೆರೆತ ಹಾಡುಗಳನ್ನು ಆರಿಸಿಕೊಂಡವರು ಉಲ್ಲಾಸದ ಹಾಡುಗಳನ್ನು ಆರಿಸಿಕೊಂಡವರಿಗಿಂತ ಎಷ್ಟೋ ಹೆಚ್ಚು ಬಾರಿ ಕೇಳಿದ್ದರೆಂದೂ, ಆ ಹಾಡಿನೊಡನೆ ಅವರ ನಂಟು ಹೆಚ್ಚು ಆಳವಾಗಿತ್ತೆಂದೂ ಕಂಡುಕೊಂಡರು. ಮೂವತ್ತು ವರ್ಷ ಸವೆಯದೆ ಉಳಿದದ್ದು ಮುಂದಿನ ತಿಂಗಳ ಅಭ್ಯಾಸದಲ್ಲಿ ಸವೆದುಹೋಗುತ್ತದೆಂದು ನಾನು ಭಾವಿಸುವುದಿಲ್ಲ.

ಆದರೆ ಕಲಿಯುವಾಗ ಬೇರೊಂದು ಅನಾನುಕೂಲ ಖಂಡಿತ ಎದುರಾಗುತ್ತದೆ. ಅಭ್ಯಾಸಕ್ಕೆ ಇಳಿದ ವಾರವೊಂದರಲ್ಲಿ ಹಾಡು ನಿಮಗೆ ಹಾಡಾಗಿ ಕೇಳಿಸುವುದು ನಿಂತು, ಬಿಡಿಭಾಗಗಳಾಗಿ ಕೇಳಿಸತೊಡಗುತ್ತದೆ: ಇಲ್ಲಿ ಉಸಿರು ತೆಗೆದುಕೊಳ್ಳಬೇಕು, ಇಲ್ಲಿ ಕಾರ್ಡು ಬದಲಾಗುತ್ತದೆ, ಇಲ್ಲಿ ಮಗಳು ಮುಗ್ಗರಿಸುತ್ತಾಳೆ. ‘ಕಲಿತು ಕೆಟ್ಟೆ, ಹಾಡೇ ಹೋಯಿತು’ ಎಂದು ವಿದ್ಯಾರ್ಥಿಗಳು ನನ್ನೊಡನೆ ಗೊಣಗುವುದು ಈ ಘಟ್ಟದಲ್ಲಿ. ಅದು ಮರಳಿ ಬರುತ್ತದೆ, ಆದರೆ ಬರಲು ಕೆಲವು ವಾರ ಹಿಡಿಯುತ್ತದೆ. ಆದ್ದರಿಂದ ಅಭ್ಯಾಸದ ತಿಂಗಳು ಪೂರ್ತಿ ರಾತ್ರಿಯ ಕೇಳ್ಮೆಯನ್ನು ನಿಲ್ಲಿಸಿಬಿಡಿ ಎಂಬುದು ನನ್ನ ಸಲಹೆ. ಕೇಳದೆ ಇರಲಾಗದಿದ್ದರೆ ಮೂಲವನ್ನು ಬಿಟ್ಟು ಚೆಲ್ಲೊ ಅಥವಾ ಪಿಯಾನೊ ರೂಪವನ್ನು ಕೇಳಿ.

ರಾತ್ರಿ ಕೇಳುವಾಗ ಒಮ್ಮೊಮ್ಮೆ ಕಣ್ಣು ತುಂಬುವ ವಿಷಯದಲ್ಲಿ ನಾನು ವೈದ್ಯನಲ್ಲ. ಕೇಳಿ ಮುಗಿದ ಮೇಲೆ ಎದೆ ಹಗುರಾಗುತ್ತದೆ ಎಂದಾದರೆ ಯೋಚಿಸಬೇಕಾದ್ದೇನೂ ಇಲ್ಲ. ಭಾರ ಹೆಚ್ಚುತ್ತದೆ, ಅದೇ ಕೊರಗು ಸುತ್ತಿ ಸುತ್ತಿ ಬರುತ್ತದೆ, ನಿದ್ದೆ ಕೆಡುತ್ತದೆ ಎಂದಾದರೆ ಅದು ಹಾಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಗ ಬಲ್ಲವರೊಬ್ಬರೊಡನೆ ಮಾತನಾಡುವುದು ಒಳ್ಳೆಯದು. ಅಭಿರುಚಿ ನಿಂತುಹೋದ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಮೂವತ್ತರ ನಂತರ ಜನರು ಹೊಸ ಸಂಗೀತ ಕೇಳುವುದನ್ನು ಬಿಡುತ್ತಾರೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಅಂಥ ಲೆಕ್ಕಗಳು ಜನ ಏನು ಕೇಳುತ್ತಿದ್ದಾರೆಂದು ಹೇಳಬಲ್ಲವು, ಏನನ್ನು ಮೆಚ್ಚಬಲ್ಲರೆಂದು ಹೇಳಲಾರವು.

ಇನ್ನು ಆ ದಿನದ ಹಾಡುಗಾರಿಕೆ. ಕರಿಯೋಕೆ ಮಾದರಿಯ ಸಿದ್ಧ ಹಿನ್ನೆಲೆಯನ್ನು ಬಳಸಿ ಹಾಡುವುದು ಎಲ್ಲಕ್ಕಿಂತ ಸುಲಭ, ಆದರೆ ಅದರಲ್ಲಿ ನಿಮ್ಮ ಮಗಳಿಗೆ ಕೆಲಸವಿಲ್ಲ, ನೀವು ಒಂದು ಸಾಲು ತಡಮಾಡಿದರೆ ಅದು ನಿಮಗಾಗಿ ಕಾಯುವುದೂ ಇಲ್ಲ. ಒಂದು ಕಂಠ, ಒಂದು ಗಿಟಾರು ಸಾಕು. ಪೂರ್ತಿ ಆರೂವರೆ ನಿಮಿಷ ಹಾಡಿದರೆ ಮನೆಮಂದಿ ಪ್ರೀತಿಯಿಂದ ಕುಳಿತಿರುತ್ತಾರಾದರೂ ನಡುವೆ ಎಲ್ಲೋ ಹಿಡಿತ ತಪ್ಪುವ ಅಪಾಯವಿದೆ. ಮೊಟಕುಗೊಳಿಸುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಆರಂಭದ ಒಂದು ನಿಮಿಷಕ್ಕೆ ಕತ್ತರಿ ಹಾಕಿ ನೇರವಾಗಿ ಹಾಡಿಗೆ ಬರುವುದು. ಆ ಒಂದು ನಿಮಿಷವೇ ಕೇಳುವವರನ್ನು ಸುಮ್ಮನಾಗಿಸುವುದು, ಅದನ್ನು ಮುಟ್ಟಬೇಡಿ. ನಡುವಿನ ಪುನರಾವರ್ತನೆಗಳಲ್ಲಿ ಒಂದನ್ನು ಬಿಡಿ. ಸೋಲೊವನ್ನೂ ಬಿಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಎಳೆದಷ್ಟು ಹೊತ್ತು ನಿಲ್ಲುವ ಆ ಸ್ವರಗಳು ಸಾದಾ ಗಿಟಾರಿನಲ್ಲಿ ಅರ್ಧಕ್ಕೇ ಆರಿಹೋಗಿ ಬಡವಾಗಿ ಕೇಳಿಸುತ್ತವೆ. ಅದರ ಬದಲು ಆರಂಭದ ಮೀಟನ್ನೇ ನಾಲ್ಕು ಆವರ್ತ ನುಡಿಸಿ, ಕೊನೆಯ ಚರಣವನ್ನು ನೀವು ತುಂಬಿದ ದನಿಯಲ್ಲಿ ಹಾಡಿದರೆ ಏರಿಕೆಯ ಅನುಭವ ಉಳಿಯುತ್ತದೆ.

ಶ್ರುತಿ ಎತ್ತರವೆನಿಸಿದರೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿಕೊಳ್ಳಿ. ಮೆಟಾಲಿಕಾ ಕೂಡ ಎಷ್ಟೋ ವರ್ಷಗಳಿಂದ ವೇದಿಕೆಯಲ್ಲಿ ಹಾಗೆಯೇ ನುಡಿಸುತ್ತದೆ. ಒಂದು ಪೂರ್ಣ ಸ್ವರಕ್ಕಿಂತ ಕೆಳಗೆ ಹೋದರೆ ಆರನೆಯ ತಂತಿ ಸಡಿಲಗೊಂಡು ಗಿರಗುಟ್ಟುತ್ತದೆ, ಈ ಹಾಡಿನಲ್ಲಿ ಆ ತಂತಿಯನ್ನು ಕಳೆದುಕೊಂಡರೆ ಬುನಾದಿಯನ್ನೇ ಕಳೆದುಕೊಂಡಂತೆ. ಇಬ್ಬರಿಗೂ ಅಂದು ಎದೆ ಡವಗುಟ್ಟುತ್ತಿರುವುದರಿಂದ ವೇಗ ತಾನಾಗಿ ಏರುತ್ತದೆ. ಅಭ್ಯಾಸದಲ್ಲಿ ‘ತಕಿಟ ತಕಿಟ’ ಎಂದು ಬಾಯಲ್ಲಿ ಹೇಳಿಕೊಂಡು, ಬೇಕೆಂದೇ ಮೂಲಕ್ಕಿಂತ ಒಂದು ಗುಲಗಂಜಿ ನಿಧಾನವಾಗಿ ನುಡಿಸುವ ರೂಢಿ ಮಾಡಿಕೊಳ್ಳಿ.

ಕನ್ನಡ ಸಾಹಿತ್ಯದ ವಿಚಾರ ಕೇಳಿದ್ದೀರಿ. ಛಂದಸ್ಸಿನ ಮಟ್ಟಿಗೆ ತೊಡಕಿಲ್ಲ. ಮೂರು ಮೂರು ಮಾತ್ರೆಯ ಗಣಗಳಲ್ಲಿ ಸಾಗುವ ಉತ್ಸಾಹ ಲಯ ನಮ್ಮಲ್ಲಿ ಹಳೆಯದು, ‘ಎಷ್ಟು ದೂರವಿದ್ದರೂ’ ಎಂದು ಹೇಳಿ ನೋಡಿದರೆ ಮಾತು ತಾನಾಗಿ ತಿಶ್ರದಲ್ಲಿ ಕೂರುವುದು ನಿಮಗೇ ಗೊತ್ತಾಗುತ್ತದೆ. ತೊಡಕು ಇರುವುದು ಪದಗಳ ಉದ್ದದಲ್ಲಿ. ಇಂಗ್ಲಿಷಿನ ಮೂಲದಲ್ಲಿ ಚಿಕ್ಕ ಚಿಕ್ಕ ಪದಗಳ ನಡುವೆ ಬೇಕಾದಷ್ಟು ಮೌನವಿದೆ; ಪ್ರತ್ಯಯಗಳು ಅಂಟಿ ಉದ್ದವಾಗುವ ನಮ್ಮ ಪದಗಳಿಂದ ಸಾಲುಸಾಲಾಗಿ ಅನುವಾದ ಮಾಡಹೊರಟರೆ ಆ ಮೌನವೆಲ್ಲ ತುಂಬಿಹೋಗಿ ಹಾಡು ವರದಿಯಂತಾಗುತ್ತದೆ. ಬರೆಯುವುದೇ ಆದರೆ ಮೂಲವನ್ನು ಮುಚ್ಚಿಟ್ಟು, ಇಪ್ಪತ್ತು ವರ್ಷ ಜೊತೆಗಿದ್ದವರಿಗೆ ನೀವು ನಿಜವಾಗಿ ಹೇಳಬೇಕೆಂದಿರುವ ನಾಲ್ಕು ಸಾಲನ್ನು ಮಾತ್ರ ಬರೆದು, ಒಂದು ಚರಣದ ಜಾಗದಲ್ಲಿ ಹಾಡಿ. ಮನೆಯೊಳಗೆ ಹಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನು ಮುದ್ರಿಸಿ ಸಾರ್ವಜನಿಕವಾಗಿ ಹರಿಬಿಡುವುದಾದರೆ ಮಾತ್ರ, ಮೂಲ ರಾಗಕ್ಕೆ ಬೇರೆ ಸಾಹಿತ್ಯ ಹೊಂದಿಸಿದ ಕೃತಿಗೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ ಎಂಬುದು ನೆನಪಿರಲಿ.

ಮಗಳ ಎಡಗೈಯ ವಿಷಯವನ್ನು ಕೊನೆಗಿಟ್ಟುಕೊಂಡದ್ದು ಅದು ನನಗೆ ಬಹಳ ಹಿಡಿಸಿದ ಕಾರಣಕ್ಕೆ. ಅದು ಕೆಟ್ಟ ಅಭ್ಯಾಸವಲ್ಲ. ಆ ಮೀಟು ಹುಟ್ಟಿದಾಗ ಅದನ್ನು ಕಟ್ಟಿದವನ ಒಂದು ಕೈಯಲ್ಲಿ ಫೋನು ಇತ್ತು. ಅವಳು ನುಡಿಸುತ್ತಿರುವುದು ಅಕ್ಷರಶಃ ಹಾಗೆಯೇ. ಹೆಬ್ಬೆರಳಿಗೆ ಆರನೆಯ ತಂತಿ, ತೋರುಬೆರಳಿಗೆ ಮೂರನೆಯದು, ಮಧ್ಯದ ಬೆರಳಿಗೆ ಎರಡನೆಯದು, ಉಂಗುರದ ಬೆರಳಿಗೆ ಮೊದಲನೆಯದು ಎಂಬ ಹಂಚಿಕೆ ತಪ್ಪದಂತೆ ನೋಡಿಕೊಂಡರೆ ಸಾಕು. ಮೊದಲ ಕೆಲವು ಆವರ್ತ ಕಳೆದು ಎತ್ತರದ ಸ್ವರಗಳು ಬರುವಲ್ಲಿ ಎಡಗೈ ಬೇಕೇ ಬೇಕು, ಮತ್ತು ತೊಡೆಯಿಂದ ಗಿಟಾರಿನ ಕತ್ತಿಗೆ ಕೈ ಗಡಿಬಿಡಿಯಲ್ಲಿ ಹಾರಿದರೆ ತಂತಿಗೆ ತಾಗಿ ಅನುರಣನ ಕತ್ತರಿಸಿಹೋಗುತ್ತದೆ. ಅದಕ್ಕೆ ಎರಡು ಬಡಿತ ಮುಂಚೆಯೇ ಕೈಯನ್ನು ಮೆಲ್ಲಗೆ ಎತ್ತಿ, ತಂತಿಗಳ ಮೇಲೆ ಒಂದು ಬೆರಳಿನಷ್ಟು ಅಂತರದಲ್ಲಿ ಹಿಡಿದು ನಿಲ್ಲಿಸಿಕೊಳ್ಳಲು ಹೇಳಿ.